ಕೋಳಿಗೂಡಿನ ಕಿಂಡಿ

ಮಡಿಕೇರಿಯ ಡಿಸೆಂಬರ್ ತಿಂಗಳ ಚಳಿಯನ್ನು ಅನುಭವಿಸಿದವರೇ ಬಲ್ಲರು. ಹಿತ್ತಿಲಲ್ಲಿ ನಾನು ಹನ್ನೆರಡು ಕೋಳಿಗಳನ್ನು ಸಾಕಿದ ಮೊದಲನೆಯ ವರುಷ, ಕನಿಕರದಿಂದ ಗೂಡಿನ ಕಿಂಡಿ ಸಂದುಗಳನ್ನೆಲ್ಲ ಗೋಣಿಯಿಂದ ಮುಚ್ಚಿಬಿಟ್ಟೆನು.

ವಾರ ಕಳೆಯುವಷ್ಟರಲ್ಲಿ, ಬಾಗಿಲು ತೆರೆದೊಡನೆ ಕಣ್ಣುರಿಸುವ ಘಾಟು ಮುಖಕ್ಕೆ ಹೊಡೆಯತೊಡಗಿತು. ನೆಲಕ್ಕೆ ಹಾಸಿದ ಹೊಟ್ಟು ಒದ್ದೆಯಾಗಿತ್ತು. ತಗಡಿನ ಮಾಡಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಎರಡು ಕೋಳಿಗಳು ಗೊರಗೊರನೆ ಉಸಿರೆಳೆಯುತ್ತಿದ್ದುವು, ಅವುಗಳಲ್ಲೊಂದು ಸತ್ತಿತು. ಇನ್ನಷ್ಟು ಗೋಣಿ ತರಲು ಹೊರಟ ನನ್ನನ್ನು ತಡೆದು ನಮ್ಮ ಅತ್ತೆಯವರು, "ಚಳಿಯಲ್ಲಮ್ಮಾ, ಅವಕ್ಕೆ ಉಸಿರು ಕಟ್ಟಿದೆ" ಎಂದರು.

ಶಾಲೆಯಲ್ಲಿ, ಕಿಟಕಿ ತೆರೆದು ಮಲಗಬೇಕೆಂದು ಆರೋಗ್ಯಶಾಸ್ತ್ರದ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ನಾನು! ಕೋಳಿಯ ಮೈಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್; ಗರಿಗಳನ್ನುಬ್ಬಿಸಿಕೊಂಡು ಅದು ಒಣಚಳಿಯನ್ನು ತಾಳಬಲ್ಲುದು. ಉಸಿರಿನ ತೇವವೂ ಹಿಕ್ಕೆಯಿಂದೇಳುವ ಅಮೋನಿಯವೂ ಒಳಗೇ ನಿಂತರೆ ತಾಳಲಾರದು. ಮೈಮೇಲೆ ನೇರವಾಗಿ ಬೀಸುವ ಗಾಳಿಯೂ ಕೆಟ್ಟದ್ದೇ. ಅದು ಗರಿಗಳೊಳಗಿನ ಬಿಸುಪನ್ನು ಕಸಿಯುವುದು. ಆದುದರಿಂದ ಕೋಳಿಗಳು ಕುಳಿತು ಮಲಗುವ ಅಡ್ಡಗೋಲಿಗಿಂತ ತುಸು ಮೇಲಿನವರೆಗೆ ಗೋಣಿಯನ್ನು ಉಳಿಸಿ, ಮಾಡಿನ ಕೆಳಗೆ ಎರಡು ಕಡೆಗಳಲ್ಲಿಯೂ ಗೇಣಗಲದ ಕಿಂಡಿ ತೆಗೆದು ಜಾಲರಿ ಬಡಿಸಿದೆನು, ಹೊಟ್ಟನ್ನೂ ಬದಲಿಸಿದೆನು. ಇನ್ನೊಂದು ಕೋಳಿ ಚೇತರಿಸಿಕೊಂಡಿತು.

ಪ್ರಿಯ ಸಹೋದರಿಯರೇ, ಮುಚ್ಚಿಡುವುದೇ ಕಾಪಾಡುವುದೆಂದು ಪ್ರೀತಿಯು ಭ್ರಮಿಸುವುದುಂಟು. ಈಗ ಚಳಿಗಾಲದ ಪ್ರತಿ ಮುಂಜಾನೆಯೂ ನಾನು ಗೂಡಿನೊಳಗೆ ತಲೆಯಿಟ್ಟು ಒಮ್ಮೆ ಉಸಿರೆಳೆದು ನೋಡುತ್ತೇನೆ. ನನಗೆ ಹಿತವಾಗದ ಗಾಳಿ ಅವಕ್ಕೂ ಹಿತವಲ್ಲ.