ತಾತನ ಬಡ್ತಿ

ನಮ್ಮ ತಾತನಿಗೆ ಸೈನ್ಯದಲ್ಲಿ ಬಡ್ತಿ ಸಿಕ್ಕಿದ್ದೆಲ್ಲ ಅವರು ತೀರಿಕೊಂಡ ಮೇಲೆ. ಬದುಕಿದ್ದಾಗ ಬರೀ ಸಿಪಾಯಿ. ತಿಥಿ ಊಟದ ಪಂಕ್ತಿಯಲ್ಲಿ ದೊಡ್ಡಪ್ಪ ಅವರನ್ನು ಹವಾಲ್ದಾರ್ ಮಾಡಿದರು. ಅತ್ತೆಯ ಮಗನ ಮದುವೆಯಲ್ಲಿ ಬೀಗರ ಎದುರು ಸುಬೇದಾರರಾದರು. ಈಚೆಗೆ ಮನೆಯವರ ವಾಟ್ಸಾಪ್ ಗುಂಪಿನಲ್ಲಂತೂ ಸಿಂಗಪುರ ಬಿದ್ದ ದಿನವೇ ಸುಭಾಷ್‌ಚಂದ್ರ ಬೋಸರು ತಾತನ ಬೆನ್ನು ತಟ್ಟಿ ಆಜಾದ್ ಹಿಂದ್ ಫೌಜಿಗೆ ಕರೆದುಕೊಂಡುಬಿಟ್ಟರು. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು.

ಸಿಂಗಪುರದಲ್ಲಿ ಬ್ರಿಟಿಷರು ಜಪಾನಿಗೆ ಶರಣಾದದ್ದು 1942ರ ಫೆಬ್ರವರಿ 15ರಂದು. ಆಗ ಬೋಸರು ಇದ್ದದ್ದು ಜರ್ಮನಿಯಲ್ಲಿ. ಸಿಂಗಪುರಕ್ಕೆ ಕಾಲಿಟ್ಟದ್ದು 1943ರ ಜುಲೈಯಲ್ಲಿ. ಇಷ್ಟು ಬರೆದು ಹಾಕಿದ್ದಕ್ಕೆ ಚಿಕ್ಕಪ್ಪ, 'ಹಂಗಾದ್ರೆ ನೀನೇ ಹುಡುಕಿ ಹೇಳಪ್ಪ, ಓದಿದವನು' ಎಂದರು. ಅವರು ಹೇಳಿದ್ದು ವ್ಯಂಗ್ಯಕ್ಕೆ, ನಾನು ತೆಗೆದುಕೊಂಡದ್ದು ನಿಜಕ್ಕೆ.

ಹುಡುಕಲು ಕೈಯಲ್ಲಿದ್ದದ್ದು ಒಂದೇ ವಸ್ತು: ತಾತನ ಟ್ರಂಕಿನಲ್ಲಿದ್ದ ಪದಕ. ಕಂಚಿನ ಬಣ್ಣದ, ಆರು ಮೂಲೆಯ ನಕ್ಷತ್ರ. ನಡುವೆ ಕಿರೀಟ, ಸುತ್ತ 'ಪೆಸಿಫಿಕ್ ಸ್ಟಾರ್' ಎಂಬ ಇಂಗ್ಲಿಷ್ ಅಕ್ಷರ. ಬ್ರಿಟನ್ನಿನ ಸೈನಿಕರಿಗೆ ಈ ನಕ್ಷತ್ರಗಳನ್ನು ಹೆಸರಿಲ್ಲದೆ ಕೊಟ್ಟರು. ಭಾರತೀಯರಿಗೆ ಕೊಟ್ಟವುಗಳ ಹಿಂಬದಿಯಲ್ಲಿ ಸಾಮಾನ್ಯವಾಗಿ ನಂಬರು, ಹೆಸರು, ಪಲ್ಟನ್ನು ಕೊರೆದಿರುತ್ತಾರೆ. ನಮ್ಮಜ್ಜಿ ಆಯುಧಪೂಜೆ ಬಂದಾಗಲೆಲ್ಲ ಹುಣಿಸೆಹಣ್ಣು ಹಚ್ಚಿ ಉಜ್ಜುಜ್ಜಿ ಅರ್ಧ ಅಕ್ಷರ ಸವೆಸಿದ್ದರು. ಆದರೂ ಬೆಳಕಿಗೆ ಓರೆಯಾಗಿ ಹಿಡಿದರೆ ಓದಬಹುದು: ನಂಬರು, ಸಿಪಾಯಿ ಎಂಬ ದರ್ಜೆ, ತಾತನ ಹೆಸರು, ಮೈಸೂರು ಇನ್‌ಫೆಂಟ್ರಿ. ದೊಡ್ಡಪ್ಪ ಕೊಟ್ಟ ಬಡ್ತಿಗಳೆಲ್ಲ ಅಲ್ಲಿಗೆ ರದ್ದಾದವು.

ಮೈಸೂರು ಮಹಾರಾಜರ ಸೈನ್ಯವೆಂದರೆ ನಮಗೆ ನೆನಪಾಗುವುದು ಮೈಸೂರು ಲ್ಯಾನ್ಸರ್ಸ್. 1918ರಲ್ಲಿ ಹೈಫಾ ಗೆದ್ದ ಕುದುರೆ ಪಡೆ, ಬೆಂಗಳೂರಿನ ಜೆ.ಸಿ. ನಗರದಲ್ಲಿ ಅದರ ಸ್ಮಾರಕವಿದೆ. ಅದೇ ಸೈನ್ಯದ ಒಂದನೇ ಮೈಸೂರು ಇನ್‌ಫೆಂಟ್ರಿ ಸಿಂಗಪುರಕ್ಕೆ ಹೋಗಿ, ಸೋತು, ಸೆರೆಯಾದದ್ದು ಎಷ್ಟು ಜನಕ್ಕೆ ಗೊತ್ತು? ಗೆದ್ದವರಿಗೆ ಕಲ್ಲು ನಿಲ್ಲಿಸುತ್ತೇವೆ. ಸೋತವರ ಕಥೆ ಮನೆಯವರ ಪಾಲಿಗೆ ಬಿಟ್ಟದ್ದು, ಮನೆಯವರು ಅದಕ್ಕೆ ಒಗ್ಗರಣೆ ಹಾಕುತ್ತಾರೆ.

ಶರಣಾಗತಿಯ ಮೂರನೆಯ ದಿನ, ಫೆಬ್ರವರಿ 17ರಂದು, ಬ್ರಿಟಿಷ್ ಮತ್ತು ಆಸ್ಟ್ರೇಲಿಯನ್ ಕೈದಿಗಳನ್ನು ಚಾಂಗಿಯತ್ತ ನಡೆಸಿದರೆ ಭಾರತೀಯರನ್ನು ಬೇರೆ ಮಾಡಿ ಫ್ಯಾರರ್ ಪಾರ್ಕ್ ಮೈದಾನದಲ್ಲಿ ಸೇರಿಸಿದರು. ಬ್ರಿಟಿಷ್ ಅಧಿಕಾರಿಯೊಬ್ಬ ಅವರನ್ನು ಜಪಾನಿನ ಮೇಜರ್ ಫುಜಿವಾರನಿಗೆ ಒಪ್ಪಿಸಿ ಕೈತೊಳೆದುಕೊಂಡ. ಆಮೇಲೆ ಕ್ಯಾಪ್ಟನ್ ಮೋಹನ್ ಸಿಂಗ್ ಎದ್ದು, ದೇಶದ ಬಿಡುಗಡೆಗೆ ಹೊಸ ಸೈನ್ಯ ಕಟ್ಟೋಣ ಎಂದು ಕರೆಕೊಟ್ಟರು. ಅದೇ ಆಜಾದ್ ಹಿಂದ್ ಫೌಜು. ಸೇರಿದವರೂ ಸಾವಿರಾರು, ಸೇರದವರೂ ಸಾವಿರಾರು. ಸೇರಿದವರಲ್ಲಿ ಅನೇಕರು 1944ರಲ್ಲಿ ಇಂಫಾಲದ ಕಾಡಿನಲ್ಲಿ ಹಸಿವು ಮಲೇರಿಯಾಗಳಿಗೆ ಸತ್ತರು. ಸೇರದವರಲ್ಲಿ ಅನೇಕರನ್ನು ನ್ಯೂಗಿನಿ, ನ್ಯೂ ಬ್ರಿಟನ್ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. ನ್ಯೂಗಿನಿಗೆ ಹೋದವರಲ್ಲಿ ಬಹುಪಾಲು ಹಿಂದಿರುಗಲೇ ಇಲ್ಲ. ಜಪಾನು ಯುದ್ಧಕೈದಿಗಳ ಕುರಿತ 1929ರ ಜಿನೀವಾ ಒಪ್ಪಂದಕ್ಕೆ ರುಜು ಹಾಕಿತ್ತು, ಅನುಮೋದಿಸಿರಲಿಲ್ಲ. ಹೀಗಾಗಿ ಕೈದಿಯ ಹೊಟ್ಟೆಬಟ್ಟೆಯೆಲ್ಲ ಕಾವಲುಗಾರನ ಮರ್ಜಿ.

ತಾತ ಸಿಂಗಪುರದಲ್ಲೇ ಉಳಿದು ಹಡಗುಕಟ್ಟೆಯಲ್ಲಿ ಮೂಟೆ ಹೊತ್ತರು ಎಂಬುದಷ್ಟೇ ಅಜ್ಜಿಗೆ ಗೊತ್ತಿತ್ತು. ಇನ್ನೊಂದು ವಿಷಯ ಮನೆಮಂದಿಗೆಲ್ಲ ಗೊತ್ತಿತ್ತು: ಮರಗೆಣಸು ಹೊಸ್ತಿಲು ದಾಟುವಂತಿರಲಿಲ್ಲ. ಸಂತೆಯಿಂದ ಯಾರಾದರೂ ತಂದರೆ ತಾತ ಬೈಯುತ್ತಿರಲಿಲ್ಲ, ಎತ್ತಿಕೊಂಡು ಹೋಗಿ ದನದ ಮುಂದೆ ಹಾಕಿ ಬರುತ್ತಿದ್ದರು.

ನಾನು ಹುಡುಕುತ್ತಿದ್ದದ್ದು ತಾತನನ್ನು, ಸಿಕ್ಕವರು ಅಜ್ಜಿ. ಸರ್ಕಾರದಿಂದ 'ಕಾಣೆಯಾಗಿದ್ದಾರೆ' ಎಂಬ ಕಾಗದ ಬಂದಾಗ ಅವರಿಗೆ ಮದುವೆಯಾಗಿ ಹೆಚ್ಚು ದಿನ ಆಗಿರಲಿಲ್ಲ. ಕುಂಕುಮ ಇಡಬೇಕೋ ಬೇಡವೋ ಎಂದು ಊರಿನ ಹಿರಿಯರು ಜಗಲಿಯ ಮೇಲೆ ಕೂತು ಚರ್ಚೆ ಮಾಡಿದರಂತೆ. ಮುತ್ತಜ್ಜಿ ಬಾಗಿಲಿಗೆ ಬಂದು, 'ಕಾಣೆ ಅಂದ್ರೆ ಕಾಣೆ. ಸತ್ತ ಅಂತ ಬರ್ದವ್ರಾ? ಏಳಿ ಮೇಲಕ್ಕೆ' ಎಂದು ಸಭೆ ಮುಗಿಸಿದರು.

ಅದೇ ಕಾಲಕ್ಕೆ ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕ ಸಾವಿರಾರು ಇಟಾಲಿಯನ್ ಸೈನಿಕರನ್ನು ತಂದು ಬೆಂಗಳೂರಿನ ಶಿಬಿರಗಳಲ್ಲಿ ಇಟ್ಟಿದ್ದರು. ಅಜ್ಜಿಯ ಅಣ್ಣ ಬೆಂಗಳೂರಿಗೆ ಬೆಲ್ಲದ ಗಾಡಿಯ ಜೊತೆ ಹೋದವರು ಅವರನ್ನು ಕಂಡು ಬಂದು, ಕೆಂಪು ಮೂತಿಯ ಕೈದಿಗಳ ಸುದ್ದಿ ಹೇಳಿದರಂತೆ. ಅಜ್ಜಿ ಕೇಳಿದ್ದು ಒಂದೇ ಮಾತು: 'ಅಣ್ಣಯ್ಯ, ಅವ್ರಿಗೆ ಹೊಟ್ಟೆ ತುಂಬ ಊಟ ಹಾಕ್ತಾರಾ?' ಇಲ್ಲಿ ಯಾರದೋ ಮಗನಿಗೆ ಅನ್ನ ಸಿಕ್ಕರೆ ಅಲ್ಲಿ ನಮ್ಮವರಿಗೂ ಸಿಕ್ಕೀತು ಎಂಬುದು ಅವರ ಲೆಕ್ಕ. ಜಿನೀವಾದಲ್ಲಿ ದೊಡ್ಡವರೆಲ್ಲ ಕೂತು ಬರೆದದ್ದೂ ಹೆಚ್ಚುಕಡಿಮೆ ಅದನ್ನೇ.

ದಾಖಲೆ ಹುಡುಕುವುದರಲ್ಲಿ ಒಂದು ವಿಚಿತ್ರವಿದೆ. ಸತ್ತವರು ಬೇಗ ಸಿಗುತ್ತಾರೆ. ಸಿಂಗಪುರದ ಕ್ರಾಂಜಿ ಸ್ಮಾರಕದ ಗೋಡೆಗಳ ಮೇಲೆ 24 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ಮನೆಯಲ್ಲೇ ಕೂತು, ಕಾಸು ಕೊಡದೆ ಹುಡುಕಬಹುದು. ಬದುಕಿ ಬಂದು ಉತ್ತು ಬಿತ್ತಿ ಮಕ್ಕಳನ್ನು ಓದಿಸಿದವನಿಗೆ ಅಂಥ ಗೋಡೆಯಿಲ್ಲ. ಒಂದು ಕಚೇರಿಗೆ ಅರ್ಜಿ ಹಾಕಿದರೆ, ಸೈನಿಕರೇ ಖುದ್ದಾಗಿ ಸಹಿ ಮಾಡಬೇಕೆಂದು ಉತ್ತರ ಬಂತು. ತಾತ ಇದ್ದಿದ್ದರೆ ಹೆಬ್ಬೆಟ್ಟು ಒತ್ತಿಕೊಡುತ್ತಿದ್ದರು.

ಕೊನೆಗೂ ಗುಂಪಿನಲ್ಲಿ ಬರೆದೆ: ತಾತ ಫೌಜಿಗೆ ಸೇರಲಿಲ್ಲವೆಂದು ಅಜ್ಜಿಗೆ ಅವರೇ ಹೇಳಿದ್ದರಂತೆ, ಮೂರೂವರೆ ವರ್ಷ ಸೆರೆಯಲ್ಲಿದ್ದು 1945ರಲ್ಲಿ ಬಿಡುಗಡೆಯಾದರು. 'ಹಂಗಾದ್ರೆ ಏನೂ ಮಾಡ್ಲಿಲ್ವಾ?' ಎಂದು ಚಿಕ್ಕಪ್ಪ ಕೇಳಿದರು. ಯುದ್ಧ ಮುಗಿದ ಮೇಲೆ ಬ್ರಿಟಿಷರೂ ಇಂಥದ್ದೇ ಪ್ರಶ್ನೆ ಹಿಡಿದು ಕೂತಿದ್ದರು. ಬಿಡುಗಡೆಯಾದ ಭಾರತೀಯ ಸೈನಿಕರನ್ನು ಬಿಳಿ, ಬೂದು, ಕಪ್ಪು ಎಂದು ವಿಂಗಡಿಸಿ, ಕೆಲವರನ್ನು ಉಳಿಸಿಕೊಂಡು ಕೆಲವರನ್ನು ಮನೆಗೆ ಕಳಿಸಿದರು. ನಾವೀಗ ಅದೇ ಪಟ್ಟಿಯನ್ನು ತಿರುವುಮುರುವು ಮಾಡಿ ಓದುತ್ತಿದ್ದೇವೆ, ಅಷ್ಟೇ. ಹಸಿದ ಇಪ್ಪತ್ತರ ಹುಡುಗ ಮೈದಾನದಲ್ಲಿ ನಿಂತು ತೆಗೆದುಕೊಂಡ ತೀರ್ಮಾನಕ್ಕೆ, ಹೊಟ್ಟೆ ತುಂಬಿದ ಮೊಮ್ಮಕ್ಕಳು ಅಂಕ ಕೊಡುವುದು ತರವಲ್ಲ.

ನಿಮ್ಮ ಮನೆಯಲ್ಲೂ ಇಂಥದೊಂದು ಪದಕವಿದ್ದರೆ ದಯವಿಟ್ಟು ಹುಣಿಸೆಹಣ್ಣು ಹಾಕಿ ಉಜ್ಜಬೇಡಿ. ತಿರುಗಿಸಿ, ನಂಬರು ಬರೆದಿಟ್ಟುಕೊಳ್ಳಿ. ಮನೆಯಲ್ಲಿ ತೊಂಬತ್ತು ದಾಟಿದ ಅಜ್ಜಿ ಇದ್ದರೆ, ಕಚೇರಿಗೆ ಅರ್ಜಿ ಹಾಕುವ ಮೊದಲು ಅವರನ್ನು ಕೇಳಿ.