ಗಾಡಿಯ ತಂಪು, ಅಂಗಳದ ಎಚ್ಚರ

ಒಂದು ಕಾಲಕ್ಕೆ ನಮ್ಮ ಭಾಗದ ಮನೆಗಳಲ್ಲಿ ಎತ್ತುಗಳ ಆರೈಕೆ ಹೇಗೆ ನಿತ್ಯದ ಕರ್ತವ್ಯವಾಗಿತ್ತೋ, ಇಂದು ಮೋಟಾರ್ ಸೈಕಲ್ಲಿನ ಆರೈಕೆಯೂ ಹಾಗೆಯೇ ಆಗಿದೆ. ಹೊಲಕ್ಕೆ ಬುತ್ತಿ ಒಯ್ಯುವುದಕ್ಕೆ, ಮಕ್ಕಳನ್ನು ಶಾಲೆಗೆ ಬಿಡುವುದಕ್ಕೆ, ಹೊತ್ತಲ್ಲದ ಹೊತ್ತಿನಲ್ಲಿ ಬೇನೆಯಾದವರನ್ನು ಚಿಂಚೋಳಿಯ ದವಾಖಾನೆಗೆ ಕರೆದೊಯ್ಯುವುದಕ್ಕೆ ಈಗ ಅದೇ ಆಧಾರ. ಎತ್ತು ದಣಿದರೆ ನಿಂತುಬಿಡುತ್ತದೆ. ಅದರ ಕಣ್ಣು ನೋಡಿದರೆ ಒಕ್ಕಲಿಗನಿಗೆ ತಿಳಿಯುತ್ತದೆ. ಯಂತ್ರಕ್ಕೆ ಆ ಭಾಗ್ಯವಿಲ್ಲ. ಅದರ ದಣಿವನ್ನು ನಾವೇ ಮುಂದಾಗಿ ಅರಿತು ಉಪಚರಿಸಬೇಕು.

ಚಿಮ್ಮನಚೋಡದ ಬಿಸಿಲನ್ನು ಬಲ್ಲವರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಮುಲ್ಲಾಮಾರಿಯ ಹರಿವು ಸಣ್ಣದಾಗುವ ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಜಿಲ್ಲೆಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಪ್ರತಿ ವರ್ಷದ ಅನುಭವ. ಅಂಥ ಬಿಸಿಲಿನಲ್ಲಿ ನಮ್ಮ ಚಿರಂಜೀವಿಯು ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗೆ ದಿನವೂ ಗಾಡಿಯ ಮೇಲೆಯೇ ಹೋಗಿ ಬರುತ್ತಾನೆ. ಅವನ ಗಾಡಿ ದ್ರವದಿಂದ ತಂಪಾಗುವ ಜಾತಿಯದು. ಅದರ ಹಳೆಯ ಕೂಲೆಂಟ್ ತೆಗೆದು, ಒಳಗೆಲ್ಲ ತೊಳೆದು, ಹೊಸದನ್ನು ತುಂಬುವ ಕೆಲಸವನ್ನು ಈ ಬೇಸಿಗೆಗೆ ಮುನ್ನ ಮನೆಯ ಅಂಗಳದಲ್ಲಿಯೇ ಮಾಡಿದೆವು. ಆ ಸಂದರ್ಭದಲ್ಲಿ ನಮಗೆ ಮನದಟ್ಟಾದ ಕೆಲವು ಸಂಗತಿಗಳನ್ನು ಓದುಗ ಬಂಧುಗಳೊಡನೆ ಹಂಚಿಕೊಳ್ಳುವುದೇ ಈ ಬರಹದ ಉದ್ದೇಶ.

ಹಿಂದಿನ ಗಾಡಿಗಳಿಗೆ ಈ ಕೂಲೆಂಟಿನ ಗೊಡವೆಯೇ ಇರಲಿಲ್ಲ. ಮೈಸೂರಿನ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳನ್ನು ನಮ್ಮ ವಯಸ್ಸಿನವರು ಮರೆಯಲಾರರು. ಅವುಗಳ ಎಂಜಿನ್ನಿನ ಸುತ್ತ ತೆಳುವಾದ ಲೋಹದ ಪಟ್ಟಿಗಳು ಸಾಲಾಗಿ ಇರುತ್ತಿದ್ದವು. ಎದುರಿನಿಂದ ಬರುವ ಗಾಳಿಯೇ ಆ ಪಟ್ಟಿಗಳಿಗೆ ತಾಗಿ ಎಂಜಿನ್ನನ್ನು ತಣಿಸುತ್ತಿತ್ತು. ಇಂದಿಗೂ ಊರೂರಲ್ಲಿ ಕಾಣುವ 100 ಸಿ.ಸಿ. ಗಾಡಿಗಳಲ್ಲಿ ಇದೇ ಏರ್ಪಾಡು ಉಂಟು. ಆದರೆ 2018ರಲ್ಲಿ ಜಾವಾ ಎಂಬ ಹೆಸರು ನಮ್ಮ ದೇಶದಲ್ಲಿ ಮರಳಿ ಬಂದಾಗ ಅದರ ಎಂಜಿನ್ನಿಗೆ ದ್ರವದ ತಂಪು ಇತ್ತು. ಬಹುಕಾಲ ಗಾಳಿಯನ್ನೇ ನಂಬಿದ್ದ ರಾಯಲ್ ಎನ್‌ಫೀಲ್ಡ್ ಕೂಡ 2023ರಲ್ಲಿ ಹೊಸ ಹಿಮಾಲಯನ್ ಗಾಡಿಗೆ ದ್ರವದಿಂದ ತಂಪಾಗುವ ಎಂಜಿನ್ ಇಟ್ಟಿತು. ಚಿಕ್ಕ ಎಂಜಿನ್ನಿನಿಂದ ಹೆಚ್ಚು ಶಕ್ತಿ ಪಡೆಯಬೇಕು, ಹೊಗೆಯ ಮಾಲಿನ್ಯವೂ ಕಡಿಮೆಯಾಗಬೇಕು ಎಂದಾಗ ಶಾಖವನ್ನು ಒಂದೇ ಹದದಲ್ಲಿ ಹಿಡಿದಿಡುವುದು ಅವಶ್ಯವಾಗುತ್ತದೆ. ಆ ಕಾರಣದಿಂದ ಈ ವಿಷಯವು ಹಳ್ಳಿಯ ಮನೆಗಳಿಗೂ ಬಂದಿದೆ.

ಇದರ ಕ್ರಮ ಸರಳವಾದುದು. ಎಂಜಿನ್ನಿನ ಗೋಡೆಯೊಳಗಿನ ದಾರಿಗಳಲ್ಲಿ ಒಂದು ಸಣ್ಣ ಪಂಪು ದ್ರವವನ್ನು ತಿರುಗಿಸುತ್ತದೆ. ಕಾದ ದ್ರವವು ಮುಂಭಾಗದ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲಿ ಹರಿದು, ಗಾಳಿಗೆ ಶಾಖವನ್ನು ಒಪ್ಪಿಸಿ, ತಣಿದು ಹಿಂದಿರುಗುತ್ತದೆ. ಗಾಡಿ ನಿಂತಾಗ ಗಾಳಿ ಸಾಲದಿದ್ದರೆ ಫ್ಯಾನು ತಾನಾಗಿ ತಿರುಗುತ್ತದೆ. ದ್ರವದಲ್ಲಿ ಸಾಮಾನ್ಯವಾಗಿ ಅರ್ಧ ಭಾಗ ಶುದ್ಧ ನೀರು, ಅರ್ಧ ಭಾಗ ಎಥಿಲೀನ್ ಗ್ಲೈಕಾಲ್ ಮತ್ತು ತುಕ್ಕು ತಡೆಯುವ ಲವಣಗಳು ಇರುತ್ತವೆ. ಶೀತದೇಶದವರಿಗೆ ಇದು ಹೆಪ್ಪುಗಟ್ಟದಿರುವುದೇ ಮುಖ್ಯ; ನಮಗಾದರೋ ಕುದಿಯದಿರುವುದು, ತುಕ್ಕು ಹಿಡಿಸದಿರುವುದು ಮುಖ್ಯ. ಬರೀ ನೀರು 100 ಡಿಗ್ರಿಗೆ ಕುದಿಯುತ್ತದೆ. ಈ ಮಿಶ್ರಣವು ಅದಕ್ಕಿಂತ ಕೆಲವು ಡಿಗ್ರಿ ಮೇಲೆ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಒಳಗಿನ ಒತ್ತಡವನ್ನು ಹಿಡಿದಿಡುವುದರಿಂದ ಆ ಮಿತಿಯು 120 ಡಿಗ್ರಿಯನ್ನೂ ಮೀರುತ್ತದೆ. ಆದರೆ ತುಕ್ಕು ತಡೆಯುವ ಲವಣಗಳು ಕಾಲಕ್ರಮದಲ್ಲಿ ಸವೆದುಹೋಗುತ್ತವೆ. ದ್ರವವು ನೋಡಲು ತುಂಬಿದಂತಿದ್ದರೂ ಅದರ ಗುಣ ಹೋಗಿರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಸಾಮಾನ್ಯ ರೂಢಿ. ನಿಮ್ಮ ಗಾಡಿಯ ಕೈಪಿಡಿಯಲ್ಲಿರುವ ಅವಧಿಯೇ ಅಂತಿಮ.

ಇಲ್ಲಿ ನಮ್ಮ ನೆಲದ ಒಂದು ಗುಣವನ್ನು ನೆನೆಯಬೇಕು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಎಂದರೆ ಸುಣ್ಣಕಲ್ಲಿನ ಸೀಮೆ. ನಮ್ಮ ಮನೆಗಳ ನೆಲಕ್ಕೆ ಹಾಸಿದ ಪರ್ಸಿಯೂ ಅದೇ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಅದೇ ಕಲ್ಲಿಗಾಗಿ. ಇಂಥ ನೆಲದಲ್ಲಿ ಇಂಗಿದ ನೀರು ಸುಣ್ಣವನ್ನು ಕರಗಿಸಿಕೊಂಡು ಗಡಸಾಗುತ್ತದೆ. ನಮ್ಮ ಕೊಳವೆಬಾವಿಯ ನೀರೂ ಗಡಸೇ. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿಯ ಪದರ ಕಟ್ಟುವುದನ್ನು ನಮ್ಮ ತಾಯಂದಿರು ದಿನವೂ ಕಾಣುತ್ತಾರೆ. ಹಂಡೆಯ ಪದರವನ್ನು ಕೆರೆದು ತೆಗೆಯಬಹುದು. ರೇಡಿಯೇಟರಿನ ಸಣ್ಣ ನಳಿಕೆಯೊಳಗೆ ಕೈ ಹೋಗಲಾರದು. ಅಲ್ಲಿ ಪದರ ಕಟ್ಟಿತೆಂದರೆ ಶಾಖ ಹೊರಬೀಳದು, ದಾರಿಯೂ ಕಿರಿದಾಗುವುದು. ಆದುದರಿಂದ ತೊಳೆಯುವುದಕ್ಕಾಗಲಿ ಬೆರೆಸುವುದಕ್ಕಾಗಲಿ ಬಾವಿಯ ನೀರು ಸಲ್ಲದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನೇ ಬಳಸತಕ್ಕದ್ದು. ಅದೇ ಅಂಗಡಿಯಲ್ಲಿ ಸಿಗುವ ಬ್ಯಾಟರಿ ಆಸಿಡ್ ಬೇರೆ. ಡಬ್ಬಿಯ ಮೇಲಿನ ಹೆಸರನ್ನು ಓದಿಯೇ ಕೊಳ್ಳಬೇಕು.

ಒಂದು ಭಾನುವಾರ ಬೆಳಗಿನ ಜಾವ, ಗಾಡಿ ಪೂರ್ಣ ತಣ್ಣಗಿರುವಾಗ, ಕೆಲಸಕ್ಕೆ ಅಣಿಯಾದೆವು. ಚಿರಂಜೀವಿಯು ಪಾನಾ, ಹೊಸ ವಾಷರ್, ಹೊಸ ಕೂಲೆಂಟ್, ನಾಲ್ಕು ಲೀಟರ್ ಡಿಸ್ಟಿಲ್ಡ್ ನೀರು ಇವುಗಳನ್ನು ಸಾಲಾಗಿ ಇಟ್ಟುಕೊಂಡು ಎಲ್ಲವನ್ನೂ ವಿವರಿಸುತ್ತಿದ್ದನು. ಪಡಸಾಲೆಯಲ್ಲಿ ಕುಳಿತು ಕೇಳುತ್ತಿದ್ದ ನಮ್ಮ ತಾಯಿಯವರು ನಡುವೆ ಒಂದು ಪ್ರಶ್ನೆ ಕೇಳಿದರು.

“ಹೊಸಾದು ಎಲ್ಲಿ ಹಾಕ್ತಿ ಅಂತ ಹೇಳ್ದಿ. ಹಳೇದು ಎಲ್ಲಿ ಚೆಲ್ತಿ, ಯಪ್ಪಾ?”

“ಚೆಲ್ಲಂಗಿಲ್ಲ ಆಯಿ, ಅದರಾಗ ವಿಷ ಅದ. ಡಬ್ಬಿಗೆ ತುಂಬಿ ಇಡ್ತೀನಿ,” ಎಂದನು ಅವನು.

“ಹಂಗಿದ್ರ ಮೊದಲ ಕರಾ ಕಟ್ರಿ, ಆಮ್ಯಾಲ ಕೆಲಸ ಹಿಡೀರಿ,” ಎಂದರು ಅವರು.

ಶಾಲೆಯ ಮೆಟ್ಟಿಲು ಹತ್ತದ ಹಿರಿಯ ಜೀವದ ಈ ಮಾತು ಯಾವ ಕೈಪಿಡಿಗೂ ಕಡಿಮೆಯದಲ್ಲ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ. ಅದರ ಹೆಸರಿನ ಮೂಲದಲ್ಲಿಯೇ ‘ಸಿಹಿ’ ಎಂಬ ಅರ್ಥದ ಗ್ರೀಕ್ ಪದ ಅಡಗಿದೆ. ಹಸಿರು, ಕೆಂಪು, ನೀಲಿ ಬಣ್ಣಗಳಲ್ಲಿ ಬರುವುದರಿಂದ ಮಗುವಿನ ಕಣ್ಣಿಗೆ ಅದು ಶರಬತ್ತಿನಂತೆಯೇ ತೋರುತ್ತದೆ. ಒಡಲು ಸೇರಿದ ಮೇಲೆ ಅದು ಆಮ್ಲಗಳಾಗಿ ಮಾರ್ಪಟ್ಟು, ಮೂತ್ರಪಿಂಡದಲ್ಲಿ ಹರಳುಗಟ್ಟಿ, ಜೀವಕ್ಕೇ ಕುತ್ತು ತರುತ್ತದೆ. ಒಂದು ಬೆಕ್ಕಿನ ಸಾವಿಗೆ ಒಂದು ಚಮಚೆಯಷ್ಟು ಸಾಕಾಗುವುದುಂಟು. ಇದರದೇ ಕುಲದ ಡೈಎಥಿಲೀನ್ ಗ್ಲೈಕಾಲ್ ಎಂಬ ಸಿಹಿದ್ರವದಲ್ಲಿ ಔಷಧವನ್ನು ಕರಗಿಸಿ ಮಾರಿದ ಕಾರಣ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನ ಮಡಿದರು. ಅವರಲ್ಲಿ ಮಕ್ಕಳು ಅನೇಕರು. ಮರುವರ್ಷವೇ ಆ ದೇಶವು ಔಷಧಗಳ ಕಾಯಿದೆಯನ್ನು ಬಿಗಿಗೊಳಿಸಬೇಕಾಯಿತು. ಸಿಹಿಯ ವೇಷದಲ್ಲಿ ಬರುವ ವಿಷವು ಎಷ್ಟು ಕಠೋರವೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ನಮ್ಮ ಮನೆಯಲ್ಲಿ ಮೂರು ವರ್ಷದ ಮೊಮ್ಮಗಳಿದ್ದಾಳೆ. ಕಂಡದ್ದನ್ನೆಲ್ಲ ನೆಕ್ಕುವ ಎಳೆಗರುವಿದೆ. ಓಣಿಯ ನಾಯಿಯೊಂದು ಅನ್ನದ ಆಸೆಗೆ ಅಂಗಳದಲ್ಲಿಯೇ ಮಲಗುತ್ತದೆ. ಸೊಸೆಯು ಮಗುವನ್ನು ಒಳಗೆ ಕರೆದುಕೊಂಡಳು. ಕರುವನ್ನು ಗೋದಲಿಯ ಬಳಿ ಕಟ್ಟಿದೆವು. ನಾಯಿಯನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದೆವು. ಆಮೇಲೆಯೇ ಮೊದಲ ಬೋಲ್ಟಿಗೆ ಪಾನಾ ತಾಗಿತು.

ಮುಂದಿನ ಕ್ರಮವನ್ನು ಸಂಕ್ಷೇಪವಾಗಿ ಹೇಳುವೆವು. ಬಿಸಿಯಾಗಿರುವ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒತ್ತಡ ಇಳಿದೊಡನೆ ದ್ರವವು ಕುದಿದು ಮುಖಕ್ಕೆ ಚಿಮ್ಮುತ್ತದೆ. ತಣ್ಣಗಾದ ಮೇಲೆ ಎಂಜಿನ್ನಿನ ಕೆಳಗೆ ಅಗಲವಾದ ಹಳೆಯ ಬೋಗುಣಿಯನ್ನಿಟ್ಟು, ಪಂಪಿನ ಬಳಿಯ ಬೋಲ್ಟನ್ನು ಬಿಚ್ಚಿ, ನಂತರ ಮೇಲಿನ ಮುಚ್ಚಳ ತೆರೆದರೆ ದ್ರವ ಇಳಿಯುತ್ತದೆ. ಬದಿಯ ಚಿಕ್ಕ ಡಬ್ಬಿಯಲ್ಲಿರುವುದನ್ನೂ ಮರೆಯದೆ ತೆಗೆಯಬೇಕು. ಬೋಲ್ಟು ಹಾಕಿ ಡಿಸ್ಟಿಲ್ಡ್ ನೀರು ತುಂಬಿ, ಎಂಜಿನ್ ಬೆಚ್ಚಗಾಗುವಷ್ಟು ಹೊತ್ತು ನಡೆಸಿ, ಪೂರ್ಣ ತಣಿಯಲು ಬಿಟ್ಟು ಮತ್ತೆ ಇಳಿಸಬೇಕು. ಇಳಿಯುವ ನೀರು ತಿಳಿಯಾಗುವವರೆಗೆ ಹೀಗೆ ಮಾಡಬೇಕು. ನಮ್ಮ ಗಾಡಿಯಲ್ಲಿ ಮೊದಲ ಸಲ ಕಂದುಬಣ್ಣದ ನೀರು ಬಂದಿತು. ಮೂರನೆಯ ಸಲಕ್ಕೆ ತಿಳಿಯಾಯಿತು. ತಣಿಯಲು ಬಿಡುವ ಹೊತ್ತೇ ಹೆಚ್ಚಾದುದರಿಂದ ಮಧ್ಯಾಹ್ನದವರೆಗೆ ಸಮಯ ಹಿಡಿಯಿತು. ಅವಸರಪಡುವವರಿಗೆ ಈ ಕೆಲಸ ಒಗ್ಗದು.

ಕೊನೆಗೆ ಹೊಸ ವಾಷರ್ ಹಾಕಿ ಬೋಲ್ಟನ್ನು ಹದವಾಗಿ ಬಿಗಿಯಬೇಕು. ಅತಿಯಾಗಿ ಬಿಗಿದರೆ ಅಲ್ಯೂಮಿನಿಯಮ್ಮಿನ ತಿರುಪು ಹರಿಯುತ್ತದೆ. ಕೂಲೆಂಟನ್ನು ಸಣ್ಣ ಧಾರೆಯಾಗಿ ಹೊಯ್ಯಬೇಕು. ಆಗಲೇ ನೀರು ಬೆರೆಸಿ ಮಾರುವ ದ್ರವಕ್ಕೆ ಮತ್ತೆ ನೀರು ಬೇಡ. ಬಣ್ಣ ಒಂದೇ ಎಂದು ಬೇರೆ ಜಾತಿಯ ಕೂಲೆಂಟ್ ಬೆರೆಸಬಾರದು. ಬಣ್ಣವು ತಯಾರಕರ ಇಚ್ಛೆ, ಗುಣದ ಗುರುತಲ್ಲ. ತುಂಬಿದ ಬಳಿಕ ಮುಚ್ಚಳ ತೆರೆದಿಟ್ಟುಕೊಂಡೇ, ತಣ್ಣಗಿರುವ ಎಂಜಿನ್ನನ್ನು ಕೊಂಚ ಹೊತ್ತು ನಡೆಸಿ, ಗಾಡಿಯನ್ನು ಎಡಬಲಕ್ಕೆ ಮೆಲ್ಲನೆ ವಾಲಿಸಿದರೆ ಒಳಗಿನ ಗಾಳಿಯ ಗುಳ್ಳೆಗಳು ಹೊರಬರುತ್ತವೆ. ಗಾಳಿ ಉಳಿದರೆ ಅಲ್ಲಿ ದ್ರವ ಮುಟ್ಟದೆ ಎಂಜಿನ್ ಕಾಯುತ್ತದೆ. ಮಟ್ಟ ಇಳಿದಷ್ಟನ್ನು ತುಂಬಿ, ಮುಚ್ಚಳ ಬಿಗಿದು, ಬದಿಯ ಡಬ್ಬಿಯಲ್ಲಿ ಎರಡು ಗೆರೆಗಳ ನಡುವೆ ದ್ರವವಿರುವಂತೆ ನೋಡಬೇಕು. ಮರುದಿನ ಗಾಡಿ ತಣ್ಣಗಿರುವಾಗ ಮಟ್ಟವನ್ನೂ ಬೋಲ್ಟಿನ ಸುತ್ತ ಸೋರಿಕೆಯನ್ನೂ ಇನ್ನೊಮ್ಮೆ ಪರೀಕ್ಷಿಸಬೇಕು.

ಗಾಡಿಯ ಮಟ್ಟಿಗೆ ಕೆಲಸ ಇಲ್ಲಿಗೆ ಮುಗಿಯಿತು. ಮನೆಯ ಮಟ್ಟಿಗೆ ಮುಗಿಯಲಿಲ್ಲ. ಹಳೆಯ ದ್ರವವನ್ನೂ ತೊಳೆದ ನೀರನ್ನೂ ಬಿಗಿಮುಚ್ಚಳದ ಡಬ್ಬಿಗೆ ತುಂಬಿ, ಮೇಲೆ ‘ವಿಷ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು, ಕೀಲಿ ಹಾಕುವ ಕೋಣೆಯಲ್ಲಿ ಇಟ್ಟೆವು. ಕುಡಿಯುವ ನೀರಿನ ಅಥವಾ ಶರಬತ್ತಿನ ಬಾಟಲಿಯನ್ನು ಇದಕ್ಕೆ ಬಳಸಲೇಬಾರದು. ಪರ್ಸಿಯ ಸಂದಿನಲ್ಲಿ ಬಿದ್ದ ಹನಿಗಳಿಗೆ ಒಣ ಬೂದಿ ಎರಚಿ, ಅದು ಹೀರಿದ ಮೇಲೆ ಬಳಿದು, ಅದನ್ನೂ ಬೇರೆ ಚೀಲದಲ್ಲಿ ಕಟ್ಟಿದೆವು. ತಿಪ್ಪೆಗೆ ಸುರಿದರೆ ಅದು ದನಕ್ಕೆ, ಚರಂಡಿಗೆ ಸುರಿದರೆ ಹೊಳೆಗೆ, ನೆಲಕ್ಕೆ ಸುರಿದರೆ ಬಾವಿಗೆ. ಕಲಬುರಗಿಗೆ ಹೋಗುವಾಗ ಹಳೆಯ ದ್ರವವನ್ನು ಸ್ವೀಕರಿಸುವ ಸರ್ವೀಸ್ ಕೇಂದ್ರಕ್ಕೆ ಒಪ್ಪಿಸುವುದು ಮೇಲು; ಫೋನಿನಲ್ಲಿ ಮೊದಲೇ ವಿಚಾರಿಸಿಕೊಂಡರೆ ವ್ಯರ್ಥ ಪ್ರಯಾಣ ತಪ್ಪುತ್ತದೆ. ಕಡಿಮೆ ವಿಷದ ಪ್ರೊಪಿಲೀನ್ ಗ್ಲೈಕಾಲಿನ ಕೂಲೆಂಟುಗಳೂ ಉಂಟು. ಗಾಡಿಯ ಕೈಪಿಡಿ ಒಪ್ಪುವುದಾದರೆ ಮಕ್ಕಳು ಮರಿಗಳಿರುವ ಮನೆಗೆ ಅವು ಹಿತ. ಯಾರಾದರೂ ಅರಿಯದೆ ಕುಡಿದರೆ, ಲಕ್ಷಣಗಳಿಗಾಗಿ ಕಾಯದೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಡಬ್ಬಿಯ ಸಮೇತ ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಇದಕ್ಕೆ ಪ್ರತಿವಿಷ ಉಂಟು. ಆದರೆ ಅದು ಮೊದಲ ಕೆಲವು ತಾಸುಗಳಲ್ಲಿ ಸಿಕ್ಕಷ್ಟೂ ಒಳಿತು.

ಮನೆಯ ಕೆಲಸವನ್ನು ಸ್ವತಃ ಕೈಯಿಂದ ಮಾಡುವುದು ಶ್ಲಾಘ್ಯವೇ. ಅದರಿಂದ ಹಣ ಉಳಿಯುತ್ತದೆ, ಯಂತ್ರದ ಒಳಗು ತಿಳಿಯುತ್ತದೆ, ತಂದೆಮಕ್ಕಳು ಅರ್ಧ ದಿನ ಒಟ್ಟಿಗೆ ಕೂಡುತ್ತಾರೆ. ಆದರೆ ಕೆಲಸವನ್ನು ಕೈಗೆತ್ತಿಕೊಂಡವನು ಅದರ ಕಸವನ್ನೂ ಕೈಗೆತ್ತಿಕೊಳ್ಳಬೇಕು. ಎಂಜಿನ್ನಿಗೆ ಬೇಡವಾದುದನ್ನು ಮೂಕಪ್ರಾಣಿಯ ಬಾಯಿಗೆ, ನೆರೆಯವರ ಬಾವಿಗೆ ದಾಟಿಸಿದರೆ ನಾವು ಗಾಡಿಯನ್ನು ಕಾಯ್ದಂತಾಯಿತೇ ಹೊರತು ಮನೆಯನ್ನು ಕಾಯ್ದಂತಾಗಲಿಲ್ಲ. ಬರುವ ಬೇಸಿಗೆಗೆ ಮುನ್ನ ತಮ್ಮ ಗಾಡಿಯ ಕೂಲೆಂಟ್ ಬದಲಿಸಬೇಕೆಂದಿರುವ ತರುಣರು ಹೊಸ ಡಬ್ಬಿಯನ್ನು ಕೊಳ್ಳುವ ದಿನವೇ ಹಳೆಯದಕ್ಕೊಂದು ಡಬ್ಬಿಯನ್ನು ತೆಗೆದಿಡಲಿ. ಹಿರಿಯರು ಅದನ್ನು ಕೇಳಿ ವಿಚಾರಿಸಲಿ.