ಜೀಪು ಕೊಡ್ಲಿಲ್ಲ

ಹದಿನೈದು ದಿನದಿಂದ ಫೋನ್ ಮಾಡಿದವರೆಲ್ಲ ಕೇಳೋದು ಒಂದೇ, "ಜೀಪು ಕೊಟ್ರಂತೆ ಹೌದಾ?" ಒಬ್ಬೊಬ್ಬರಿಗೂ ಹೇಳಿ ಹೇಳಿ ಗಂಟಲು ಒಣಗಿತು, ಹಾಗಾಗಿ ಇಲ್ಲೇ ಬರೆದುಬಿಡ್ತೇನೆ. ಕೊಡ್ಲಿಲ್ಲ ಮಾರಾಯ್ರೆ. ಸದ್ಯಕ್ಕೆ ಕೊಡೋದೂ ಇಲ್ಲ.

ನಮ್ಮನೆಗೆ ಬಂದವರಿಗೆ ದಾರಿ ಗೊತ್ತು. ಟಾರು ರಸ್ತೆಯಿಂದ ಅಂಗಳಕ್ಕೆ ಒಂದೂವರೆ ಕಿಲೋಮೀಟರ್ ಮಣ್ಣು, ನಡುವೆ ಹಲಸಿನ ಮರದ ಹತ್ರ ಆ ಏರು. ಮಳೆ ಹಿಡೀತು ಅಂದ್ರೆ ತೀರ್ಥಹಳ್ಳಿ ಆಟೋದವರು ಕೆಳಗೇ ಕೈಮುಗೀತಾರೆ. ನಾಲ್ಕೂ ಚಕ್ರ ಎಳೆಯೋ ಈ 28 ವರ್ಷದ ಡೀಸೆಲ್ ಜೀಪು ಮಾತ್ರ ಹತ್ತೋದು. ಅತ್ತೆಗೆ ಸೊಂಟದ ಆಪರೇಷನ್ ಆದ ಮೇಲಂತೂ ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋಗ್ಲೇಬೇಕು, 60 ಕಿಲೋಮೀಟರ್. ಜೀಪು ಇಲ್ಲದಿದ್ರೆ ಕಂಬಳಿ ಜೋಲಿ ಕಟ್ಟಿ ಹೊರೋದೇ ಗತಿ.

ಯುಗಾದಿ ಕಳೆದ ಮೇಲೆ ಅದಕ್ಕೆ ನಡುಕ ಶುರುವಾಯ್ತು. ಡೀಸೆಲ್ ಜೀಪು ಅಂದ್ರೆ ಸ್ವಲ್ಪ ಅದುರ್ತದೆ, ಅದು ಇದ್ದದ್ದೇ. ಇದು ಹಾಗಲ್ಲ. ಕನ್ನಡಿಯಲ್ಲಿ ಹಿಂದಿನ ದಾರಿ ಕಾಣ್ತಿರಲಿಲ್ಲ, ಗಂಜಿ ಡಬ್ಬಿಯ ಮುಚ್ಚಳ ತಾಳ ಹಾಕ್ತಿತ್ತು, ಅತ್ತೆ ಹಲ್ಲು ಕಚ್ಚಿ ಕೂರ್ತಿದ್ರು. ಪೇಟೆಯ ಮೆಕ್ಯಾನಿಕ್ ಒಂದು ಸಲ ಶಬ್ದ ಕೇಳಿ, "ಇಂಜಿನ್ ಇಳಿಸ್ಬೇಕು, 80 ಸಾವಿರ ಇಟ್ಕೊಳ್ಳಿ" ಅಂದ್ರು. ನಮ್ಮನೆಯವರು ಆ ರಾತ್ರಿ ಊಟ ಸರಿಯಾಗಿ ಮಾಡ್ಲಿಲ್ಲ. ಮರುದಿನ "ಕೊಟ್ಟುಬಿಡೋಣ, ಗುಜರಿ ಬೆಲೆಯಾದ್ರೂ ಬರ್ತದೆ" ಅಂದ್ರು. ಅತ್ತೆ ಮಾತಾಡ್ಲಿಲ್ಲ. ಕೊಟ್ರೆ ಮಳೆಗಾಲ ಪೂರ್ತಿ ತಾನು ಮನೆಯೊಳಗೇ ಅಂತ ಅವರಿಗೆ ಗೊತ್ತಿತ್ತು.

ದಾರಿ ಸಿಕ್ಕಿದ್ದು ಅತ್ತೆಯ ಮಾತಿನಿಂದಲೇ. ಶಿವಮೊಗ್ಗದಿಂದ ಬರುವಾಗ ಮಂಡಗದ್ದೆ ಹತ್ರ ಎಳನೀರಿಗೆ ನಿಲ್ಲಿಸಿದ್ವಿ, ಇಂಜಿನ್ ಬಂದ್ ಮಾಡಿರಲಿಲ್ಲ. "ಓಡುವಾಗ ಅಷ್ಟಿಲ್ಲ ಕಣೆ, ನಿಂತಾಗಲೇ ಹೊಟ್ಟೆಯೊಳಗೆಲ್ಲ ಕುಲುಕ್ತದೆ" ಅಂದ್ರು. ನಾನು ಮನೆಗೆ ಬಂದು ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ಬರೆದೆ. ಆಮೇಲೆ ಮೂರು ದಿನ ನೋಡಿ ನೋಡಿ ಬರೆದೆ: ಬೆಳಿಗ್ಗೆ ತಣ್ಣಗಿದ್ದಾಗಲೂ ಉಂಟು, ಬಿಸಿಯಾದ ಮೇಲೂ ಉಂಟು, ನಿಂತಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಕಮ್ಮಿ, ಕ್ಲಚ್ ಒತ್ತಿದ್ರೆ ವ್ಯತ್ಯಾಸ ಇಲ್ಲ.

ಅಕ್ಕನ ಮಗ ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತವ, ಭಾನುವಾರ ಬಂದ. ಕ್ಯಾಲೆಂಡರ್ ನೋಡಿ, "ಚಿಕ್ಕಮ್ಮ, ಅರ್ಧ ಕೆಲಸ ನೀವೇ ಮಾಡಿದೀರಿ" ಅಂದ. ನಿಂತಲ್ಲೇ ನಡುಗ್ತದೆ ಅಂದ್ರೆ ಟೈರು, ಚಕ್ರ, ಹಿಂದಕ್ಕೆ ಹೋಗೋ ಪ್ರೊಪೆಲ್ಲರ್ ಶಾಫ್ಟು ಯಾವುದೂ ಅಲ್ಲ, ಅವು ತಿರುಗ್ತಾನೇ ಇಲ್ಲವಲ್ಲ. ಕ್ಲಚ್ಚಿಗೆ ಬದಲಾಗದಿದ್ರೆ ಅದರ ಮೇಲೂ ಅನುಮಾನ ಕಮ್ಮಿ. ಉಳಿದದ್ದು ಇಂಜಿನ್ನು, ಇಲ್ಲಾ ಅದನ್ನು ಹಿಡಿದುಕೊಂಡದ್ದು.

ಒಂದು ಸಲಕ್ಕೆ ಒಂದೇ ನೋಡ್ಬೇಕಂತೆ. ಮೊದಲು ಫ್ಯಾನ್ ಬೆಲ್ಟ್ ಬಿಚ್ಚಿ ಅರ್ಧ ನಿಮಿಷ ಓಡಿಸಿದ, ಫ್ಯಾನಿನ ಎಲೆ ಮುರಿದಿದ್ರೂ ನಡುಗ್ತದಂತೆ. ಏನೂ ಬದಲಾಗ್ಲಿಲ್ಲ. ಆಮೇಲೆ ನಾಝಲ್ ಪೈಪಿನ ನಟ್ಟನ್ನು ಒಂದೊಂದಾಗಿ ಸಡಿಲಿಸಿದ. "ದೂರ ನಿಲ್ಲಿ, ಈ ಡೀಸೆಲಿನ ಒತ್ತಡ ಚರ್ಮ ತೂರಿ ಒಳಗೆ ಹೋಗ್ತದೆ" ಅಂತ ನನ್ನನ್ನ ಮೆಟ್ಟಿಲಿಗೆ ಕಳಿಸಿದ. ದಯವಿಟ್ಟು ಇದನ್ನು ಯಾರೂ ಮನೆಯಲ್ಲಿ ಮಾಡಬೇಡಿ. ಯಾವ ಸಿಲಿಂಡರಿನ ಪೈಪು ಸಡಿಲಿಸಿದಾಗ ಶಬ್ದ ಬದಲಾಗೋದಿಲ್ಲವೋ ಅದು ಮೊದಲೇ ದುಡೀತಿಲ್ಲ ಅಂತ ಅರ್ಥ. ನಾಲ್ಕಕ್ಕೂ ಇಂಜಿನ್ ಮುಗ್ಗರಿಸ್ತು, ಅಂದ್ರೆ ನಾಲ್ಕೂ ದುಡೀತಿದ್ವು. ನಮ್ಮನೆಯವರ ಮುಖಕ್ಕೆ ಆಗ ಸ್ವಲ್ಪ ಜೀವ ಬಂತು.

ಕೊನೆಗೆ ಇಂಜಿನ್ ಬಂದ್ ಮಾಡಿ ಕೆಳಗೆ ಮರದ ಹಲಗೆ ಇಟ್ಟು ಜ್ಯಾಕಿನಿಂದ ಚೂರೇ ಎತ್ತಿದ. ನಾನು ಟಾರ್ಚ್ ಹಿಡಿದಿದ್ದೆ. ಎಡಗಡೆ ಮೌಂಟಿಂಗಿನ ರಬ್ಬರು ಕಬ್ಬಿಣದ ತಗಡಿನಿಂದ ಬಿಟ್ಟು ಬೇರೆಯೇ ಆಗಿತ್ತು, ಒಳಗೆ ಬೆರಳು ಹೋಗುವಷ್ಟು ಸಂದು. ಮುಟ್ಟಿದ್ರೆ ಹಳೇ ಹಲ್ವದ ಹಾಗೆ ಮೆತ್ತಗೆ. ಮೇಲಿನ ಡೀಸೆಲ್ ಪೈಪಿನ ಜೋಡಣೆಯಿಂದ ಹನಿ ಹನಿಯಾಗಿ ಅದರ ಮೇಲೇ ಬೀಳ್ತಿತ್ತು. ರಬ್ಬರಿಗೆ ಡೀಸೆಲ್ ಆಗೋದಿಲ್ಲ, ಉಬ್ಬಿ ಹಾಳಾಗ್ತದೆ. ಇಂಜಿನ್ನಿನ ಕಬ್ಬಿಣ ಚಾಸಿಯ ಕಬ್ಬಿಣಕ್ಕೇ ಕೂತಿತ್ತು, ನಡುಕವೆಲ್ಲ ನೇರ ಸೀಟಿಗೆ.

ನಿಂತಾಗಲೇ ಯಾಕೆ ಹೆಚ್ಚು ಅಂತ ಕೇಳಿದೆ. ನಾಲ್ಕು ಸಿಲಿಂಡರಿನ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಒದೀತದೆ. ಸ್ಲೋನಲ್ಲಿ ನಿಮಿಷಕ್ಕೆ 750 ಸುತ್ತು ಅಂದ್ರೆ ಸೆಕೆಂಡಿಗೆ 25 ಒದೆ. ನಿಧಾನವಾದಾಗ ಒಂದೊಂದೂ ಬೇರೆಯಾಗಿ ತಾಗ್ತದೆ, ಜೋರಾದಾಗ ಒಂದಕ್ಕೊಂದು ಕೂಡಿಕೊಳ್ತದೆ. ಪೆಟ್ರೋಲ್ ಇಂಜಿನ್ ಗಾಳಿಯನ್ನು ಸುಮಾರು ಹತ್ತು ಪಾಲು ಒತ್ತಿದ್ರೆ ಹಳೇ ಡೀಸೆಲ್ ಇಪ್ಪತ್ತು ಪಾಲು ಒತ್ತುತ್ತದೆ, ಅದಕ್ಕೇ ಒದೆಯೂ ದೊಡ್ಡದು. ಅದನ್ನು ತಡೆದುಕೊಳ್ಳೋದು ಆ ರಬ್ಬರೇ. ನಮ್ಮ ಮಿಕ್ಸಿಯ ಕಾಲಿನ ರಬ್ಬರು ಹೋದ್ರೆ ಅದು ಕಟ್ಟೆ ಮೇಲೆ ನಡೆದಾಡೋದಿಲ್ವಾ? ಆಗ ಯಾರಾದ್ರೂ ಮೋಟಾರು ಬದಲಾಯಿಸ್ತಾರಾ?

ಮೊದಲು ಸೋರೋ ಕಡೆ ವಾಷರ್ ಹಾಕಿದ, ಇಲ್ಲದಿದ್ರೆ ಹೊಸ ರಬ್ಬರೂ ಹಾಗೇ ಆಗ್ತದೆ. ಆಮೇಲೆ ಎರಡೂ ಕಡೆಯ ರಬ್ಬರು ಬದಲಾಯಿಸಿದ, ಒಂದು ಹೊಸದು ಒಂದು ಹಳೇದು ಇದ್ರೆ ಇಂಜಿನ್ ಓರೆ ಕೂರ್ತದಂತೆ. ಎಲ್ಲ ಸೇರಿ ಎರಡು ಸಾವಿರದೊಳಗೆ. ಕೂಲಿ ತಗೊಳ್ಳಲಿಲ್ಲ, ಹಲಸಿನ ಹಣ್ಣಿನ ಕಡುಬು ಕಟ್ಟಿಸ್ಕೊಂಡು ಹೋದ.

ಈಗಲೂ ಅದುರ್ತದೆ, ಆದ್ರೆ ಕನ್ನಡಿಯಲ್ಲಿ ದಾರಿ ಕಾಣ್ತದೆ. ನಾವು ಹೆಂಗಸರು ಗಾಡಿಯಲ್ಲಿ ಸುಮ್ಮನೆ ಕೂತು ಬರೋರು ಅಂತ ಗಂಡಸರ ಎಣಿಕೆ. ಕೂತವರ ಸೊಂಟಕ್ಕೆ ಗೊತ್ತಾಗೋದು ಓಡಿಸುವವರಿಗೆ ಎಷ್ಟೋ ಸಲ ಗೊತ್ತಾಗೋದಿಲ್ಲ. ಯಾವಾಗ ಬರ್ತದೆ, ಯಾವಾಗ ಹೋಗ್ತದೆ, ಇಷ್ಟು ಬರೆದಿಟ್ಟು ಮೆಕ್ಯಾನಿಕ್ಕಿಗೆ ಹೇಳಿ.

ಅತ್ತೆಯ ಮುಂದಿನ ತಪಾಸಣೆ ಆಷಾಢದಲ್ಲಿ. ಜೀಪು ಕೇಳಿದ ಸಾಗರದ ಭಾವನಿಗೆ ಯಾರಾದ್ರೂ ಸಿಕ್ಕಿದ್ರೆ ಹೇಳಿಬಿಡಿ, ಕೊಡೋದಿಲ್ಲ ಅಂತ.